ಕಣ್ಣು ತೆರೆದ ಗೂಬೆ

ಶೋಭಾ ಮೇಡಂ, ಆ ಗೂಬೆಗೆ ಕಲ್ಲೆಸೆದವನು ನಾನು. ಮೇಕೆ ಕಾಯುವ ಮುನಿಯಪ್ಪನಲ್ಲ — ನಾನು.

ಮುಖ್ಯ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳಬೇಕು ಎಂದು ಪತ್ರಿಕೆಯಲ್ಲಿ ಕಲಿತವನು ನಾನು. ಆದರೂ ಈ ಸಾಲು ಬರೆಯಲು ಇಷ್ಟು ವರ್ಷ ಬೇಕಾಯಿತು.

ಅಂಜನಾಪುರದ ಆಚೆಯ ಹಳೇ ಕಲ್ಲುಕ್ವಾರಿಗೆ ನನ್ನನ್ನು ಕರೆದುಕೊಂಡು ಹೋದವರು ನೀವು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಭಾನುವಾರ ಬೆಳಿಗ್ಗೆ ಜಯನಗರದಿಂದ ಸ್ಕೂಟರಿನಲ್ಲಿ ಹೋಗಿ, ಲಂಟಾನ ಪೊದೆಯ ಹಿಂದೆ ಕೂತು ಎದುರಿನ ಬಂಡೆ ನೋಡುವುದು ನಿಮ್ಮ ರೂಢಿ. ಬಂಡೆಯ ಅಂಚಿನಲ್ಲಿ ಕೊಂಬಿನ ಗೂಬೆ ಇದೆ ಎಂದು ನೀವು ಬೆರಳು ತೋರಿಸಿದರೂ ನನಗೆ ಬಹಳ ಹೊತ್ತು ಕಾಣಲಿಲ್ಲ. ಕಂದು, ಬೂದು, ಕಪ್ಪು ಗೀರು — ಕಲ್ಲಿನದೇ ಬಣ್ಣ. ಕಣ್ಣು ಬರೀ ಒಂದು ಗೆರೆ.

"ಪತ್ರಕರ್ತರೇ, ಈ ಪೊದೆ ದಾಟಬೇಡಿ. ಅದು ಪೂರ್ತಿ ಕಣ್ಣು ಬಿಟ್ಟರೆ ನಾವು ತಪ್ಪು ಮಾಡಿದ್ದೀವಿ ಅಂತ ಅರ್ಥ," ಎಂದಿರಿ. ಅಷ್ಟು ತಗ್ಗಿ ಕೂತಿದೆಯೆಂದರೆ ಕೆಳಗೆ ಮೊಟ್ಟೆ ಇರಬಹುದು ಎಂದೂ ಹೇಳಿದಿರಿ.

ಅಂದು ತೆಗೆದ ಚಿತ್ರವನ್ನು ಕಚೇರಿಯಲ್ಲಿ ತೋರಿಸಿದೆ. "ಗುರು, ಗೂಬೆ ಎಲ್ಲಿ? ಇದನ್ನ ಗ್ರಾನೈಟ್ ಜಾಹೀರಾತಿಗೆ ಕೊಡು!" ಎಂದ ಪುರವಣಿ ನೋಡಿಕೊಳ್ಳುವ ಗೆಳೆಯ. ಎಲ್ಲರೂ ನಕ್ಕರು. ಆ ನಗು ನನ್ನನ್ನು — ಇಲ್ಲ, ನಗುವಿನ ಮೇಲೆ ಹೊರಿಸುವುದಿಲ್ಲ.

ಅದೇ ವಾರ ಒಬ್ಬನೇ ಹೋದೆ. ಪೊದೆ ದಾಟಿದೆ. ಚಪ್ಪಾಳೆ ತಟ್ಟಿದೆ, ಅದು ಕದಲಲಿಲ್ಲ. ಆಮೇಲೆ ಒಂದು ಕಲ್ಲು — ಅದರ ಪಕ್ಕಕ್ಕೆ ಬೀಳುವ ಹಾಗೆ, ಅಳೆದು ಎಸೆದೆ. ಗೂಬೆ ಕಣ್ಣು ಬಿಟ್ಟಿತು. ಕೆಂಡದ ಬಣ್ಣದ ಎರಡೂ ಕಣ್ಣು, ನೆಟ್ಟಗೆ ನನ್ನ ಮೇಲೆ. ಕ್ಲಿಕ್ ಮಾಡಿದೆ. ಅದು ಹಾರಿತು.

ಮೊಟ್ಟೆಗಳಿದ್ದವು, ಮೇಡಂ. ಅಚ್ಚ ಬಿಳಿ. ಕಲ್ಲಿನ ಬಣ್ಣ ಹಕ್ಕಿಗಿತ್ತು, ಮೊಟ್ಟೆಗಿರಲಿಲ್ಲ. ಅವುಗಳನ್ನು ಮುಚ್ಚಿಟ್ಟಿದ್ದು ಅದರ ಮೈ ಮಾತ್ರ. ಆ ಬಿಸಿಲಲ್ಲಿ ಎಷ್ಟು ದೂರಕ್ಕೂ ಕಾಣುತ್ತಿದ್ದವು. ಕಾಗೆಗಳು ಬಂದವು. ಓಡಿಸಲು ಕೈಯೆತ್ತಬಹುದಿತ್ತು. ಎತ್ತಲಿಲ್ಲ — ಕ್ಯಾಮೆರಾದ ಪರದೆ ನೋಡುತ್ತಿದ್ದೆ, ಕಣ್ಣು ಸ್ಪಷ್ಟವಾಗಿ ಬಂದಿದೆಯೇ ಎಂದು. ತಲೆಯೆತ್ತಿದಾಗ ಅಂಚಿನಲ್ಲಿ ಹಳದಿ ಲೋಳೆ ಇಳಿಯುತ್ತಿತ್ತು.

ಚಿತ್ರದಡಿ ನಾನೇ ಬರೆದೆ: 'ಸಹಜ ನೆಲೆಯಲ್ಲಿ ಕೊಂಬಿನ ಗೂಬೆ.'

ಪತ್ರಿಕೆ ನೋಡಿ ನೀವು ಫೋನ್ ಮಾಡಿದಿರಿ. "ಕಣ್ಣು ಬಿಟ್ಟಿದೆಯಲ್ರೀ!"

"ಮೇಕೆ ಕಾಯೋನು ಕಲ್ಲು ಹೊಡೆದ ಮೇಡಂ. ಆಗಲೇ ಕ್ಲಿಕ್ ಆಗಿದ್ದು."

"ಮೊಟ್ಟೆ ಇತ್ತಾ?"

"ಕಾಣಿಸಲಿಲ್ಲ."

ಮುಂದಿನ ಭಾನುವಾರ ಇಬ್ಬರೂ ಹೋದಾಗ ಮುನಿಯಪ್ಪನನ್ನು ಕ್ವಾರಿಯ ದಾರಿಯಲ್ಲೇ ತಡೆದು ಬೈದಿರಿ. ಪೊಲೀಸರಿಗೆ ಹೇಳುತ್ತೇನೆ ಎಂದಿರಿ. "ಯಾವ ಗೂಬೆ ಕಣಮ್ಮ? ಇಷ್ಟು ವರ್ಷ ಮೇಕೆ ಮೇಯಿಸಿದೀನಿ, ನಾನೊಂದು ದಿನಾನೂ ನೋಡಿಲ್ಲ," ಎಂದ. ನಿಜವನ್ನೇ ಹೇಳಿದ. ದಿನಾ ಅದರ ಕೆಳಗೇ ಓಡಾಡುತ್ತಿದ್ದವನಿಗೆ ಅದು ಕಂಡಿರಲಿಲ್ಲ. ಅವನಿಂದ ಅದಕ್ಕೆ ತೊಂದರೆಯೂ ಆಗಿರಲಿಲ್ಲ. ನನ್ನ ಕಡೆ ತಿರುಗಿ, "ಸಾರ್, ನೀವಾದ್ರೂ ಹೇಳಿ," ಎಂದ. ನಾನು ಲೆನ್ಸ್ ಒರೆಸುತ್ತ ನಿಂತೆ. ಮೇಕೆಗಳನ್ನು ಹೊಡೆದುಕೊಂಡು ಹೋದ. ಮತ್ತೆ ಅತ್ತ ಬರಲಿಲ್ಲ.

ಆ ಚಿತ್ರ ಪದ್ಮನಾಭನಗರದ ನಮ್ಮ ಮನೆಯ ಹಾಲ್‌ನಲ್ಲಿತ್ತು. ಬಂದವರೆಲ್ಲ "ಸಖತ್ ಸಾರ್, ನಿಮ್ಮನ್ನೇ ನೋಡ್ತಿದೆ" ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ಹೆದರಿದ ಪ್ರಾಣಿಯ ಮುಖವನ್ನು ಗೋಡೆಗೆ ತೂಗುಹಾಕಿ, ಅದರ ಕೆಳಗೆ ಕೂತು ಕಾಫಿ ಕುಡಿದವನು ನಾನು. 

ನಿನ್ನೆ ಜಯನಗರದಲ್ಲಿ ಸಿಕ್ಕಿ, ಈಗಲೂ ಭಾನುವಾರ ಅಲ್ಲಿಗೆ ಹೋಗುತ್ತೇನೆ ಎಂದಿರಿ. "ಕಾಣಿಸದಿದ್ರೂ ಗೂಬೆ ಅಲ್ಲೇ ಇರುತ್ತೆ ಕಣ್ರೀ. ನನ್ನ ಕಣ್ಣಿಗೆ ವಯಸ್ಸಾಯ್ತು, ಅಷ್ಟೆ." ಅದನ್ನು ಕೇಳಿಸಿಕೊಂಡು ಮನೆಗೆ ಬಂದು ಚಿತ್ರ ಇಳಿಸಿದೆ.

ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದ್ದೇನೆ, ನನ್ನ ಹೆಸರು ಹಾಕಿ. ನಾಳೆ ಮುನಿಯಪ್ಪನ ಮನೆಗೆ ಹೋಗುತ್ತೇನೆ. ಅವನು ಬಾಗಿಲು ಹಾಕಿಕೊಂಡರೆ, ಬಾಗಿಲ ಹೊರಗೆ ನಿಂತೇ ಹೇಳುತ್ತೇನೆ.

ನಿಮ್ಮ ಕಣ್ಣಿಗೆ ಏನೂ ಆಗಿಲ್ಲ, ಮೇಡಂ. ಆ ಬಂಡೆಯಲ್ಲಿ ಹುಡುಕಬೇಡಿ. ಈಗ ಅಲ್ಲಿರುವುದು ಕಲ್ಲು ಮಾತ್ರ.