ಅತ್ತೆಗೆ ಎಸೆದ ಎಲೆ

ನಾನು ಇಸ್ಪೀಟಿನಲ್ಲಿ ಮೋಸ ಮಾಡಿದ್ದೇನೆ. ಒಂದೇ ಸಲ, ಒಂದೇ ಎಲೆಯಲ್ಲಿ. ಅದರಿಂದ ಗೆದ್ದವರು ನನ್ನ ಅತ್ತೆ, ಸೋತವಳು ನನ್ನ ಗೆಳತಿ ಲಲಿತಾ. ಈ ಸಂಗತಿ ಅತ್ತೆಗೆ ಕೊನೆಯವರೆಗೂ ತಿಳಿಯಲಿಲ್ಲ. ಲಲಿತಾಗೆ ಇವತ್ತಿಗೂ ತಿಳಿದಿಲ್ಲ. ತಿಳಿಯದ್ದರಿಂದಲೇ ಅವಳು ಇಷ್ಟು ವರ್ಷ ನಮ್ಮ ಮನೆಯವರ ಒಳ್ಳೆಯತನವನ್ನು ಬಾಯ್ತುಂಬ ಹೊಗಳಿದ್ದಾಳೆ. ನಾನು ಎದುರಿಗೆ ಕೂತು, ಕಾಫಿ ಕುಡಿಯುತ್ತ, ಕೇಳಿಸಿಕೊಂಡಿದ್ದೇನೆ.

ಮೋಸದ ಫಲ ಕಹಿ ಎಂದು ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ನನ್ನ ಪಾಲಿಗೆ ಅದು ಸಿಹಿಯಾಗಿಯೇ ಇತ್ತು — ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಕಟಪಟ್ಟು ಬದುಕಿದೆ ಎಂದರೆ ಅದು ಇನ್ನೊಂದು ಮೋಸವಾದೀತು. ನಾನು ಚೆನ್ನಾಗಿ ಬದುಕಿದೆ, ಸುಖವಾಗಿದ್ದೇನೆ.

ಎಪ್ಪತ್ತರ ದಶಕದ ಮಾತು. ಮಂಡ್ಯದ ಒಂದು ವಠಾರದಲ್ಲಿ ನಮ್ಮ ಮನೆ, ಲಲಿತಾಳ ಮನೆ, ನಡುವೆ ಒಂದೇ ಗೋಡೆ. ನಮ್ಮ ಯಜಮಾನರು ನಾಲೆ ಆಫೀಸಿನಲ್ಲಿ ಗುಮಾಸ್ತರು. ಲಲಿತಾಳ ಗಂಡ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರು. ನಾವು ಗೌಡರು, ಅವರು ಬ್ರಾಹ್ಮಣರು. ನಮ್ಮ ಮನೆಯಲ್ಲಿ ಮಾಂಸದ ಅಡುಗೆಯಾದ ದಿನ ಅವಳು ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು, ಮರುದಿನ ಬೆಳಿಗ್ಗೆ ಅದೇ ಕಿಟಕಿಯಿಂದ ಹುಳಿಯ ಬಟ್ಟಲು ದಾಟಿಸುತ್ತಿದ್ದಳು. ಅಷ್ಟು ಸಲೀಸಾದ ಸ್ನೇಹ.

ನನ್ನ ಮಗ ಸೂರಿ ಆಗ ಇನ್ನೂ ತೆವಳುವ ಕೂಸು. ಆ ಹೊತ್ತಿಗೆ ಮದ್ದೂರಿನ ಒಂದು ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಸೇರಬೇಕೆಂದು ನನಗೆ ಆರ್ಡರು ಬಂತು. ಅರ್ಜಿ ಹಾಕಿಸಿದ್ದೇ ಲಲಿತಾ. ಬೇಸಿಗೆ ರಜೆ ಮುಗಿಯುತ್ತಲೇ ಸೇರಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ನಾನು ಹೋದರೆ ಮಗುವನ್ನು ನೋಡಿಕೊಳ್ಳಬೇಕಾದವರು ಅತ್ತೆ. ಅವರೋ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಯಜಮಾನರನ್ನು ಕೇಳಿದರೆ, "ಅವ್ವ ಏನಂದ್ರೆ ಅದು" ಎಂದು ಪೇಪರಿನ ಹಿಂದೆ ಮರೆಯಾದರು.

ಅತ್ತೆ ನಿಂಗಮ್ಮ ಕೆರಗೋಡಿನವರು. ಓದು ಬರಹ ಇಲ್ಲ, ಬಾಯಿ ಮಾತ್ರ ಭರ್ಜರಿ. ಜೊತೆಗೆ ಇಸ್ಪೀಟಿನಲ್ಲಿ ಪ್ರಚಂಡೆ. ಮಾವ ಬದುಕಿದ್ದಾಗ ಊರ ಯಜಮಾನರೆಲ್ಲ ಅಲ್ಲಿನ ನಮ್ಮ ಮನೆಯ ಜಗುಲಿಯಲ್ಲಿ ಆಡಲು ಕೂರುತ್ತಿದ್ದರಂತೆ. ಕಾಫಿ ಕೊಡುವ ನೆವದಲ್ಲಿ ಹಿಂದೆ ನಿಂತು ಎಲ್ಲರ ಎಲೆಗಳನ್ನೂ ನೋಡಿದವರಿಗೆ ಆಟ ಬರದೆ ಇರುತ್ತದೆಯೇ? ಆಟದಲ್ಲಿ ಕಣ್ಸನ್ನೆ, ಕೈಸನ್ನೆ ಮಾಡುವವರನ್ನು ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿ.

ನಮ್ಮ ಕಡೆ ಯುಗಾದಿಯ ಮರುದಿನವನ್ನು ವರ್ಷತೊಡಕು ಎನ್ನುತ್ತಾರೆ. ಆ ದಿನ ಆದದ್ದೇ ವರ್ಷವೆಲ್ಲ ಆಗುತ್ತದೆ ಎಂದು ನಂಬಿಕೆ. ಆದ್ದರಿಂದ ಆ ದಿನ ಯಾರೂ ಅಳಬಾರದು, ಸಾಲ ಕೇಳಬಾರದು, ಹೊಟ್ಟೆ ತುಂಬ ಉಣ್ಣಬೇಕು, ಒಂದು ಕೈ ಇಸ್ಪೀಟು ಆಡಬೇಕು. ಗಂಡಸರು ಮರದಡಿಯಲ್ಲಿ ಕೂತರೆ ಊರಿನ ಮಹಿಳಾ ಸಮಾಜದವರು ತಮ್ಮ ಹಾಲಿನಲ್ಲಿ ರಮ್ಮಿ ಪಂದ್ಯ ಇಡುತ್ತಿದ್ದರು. ಎಂದಿನ ಬಹುಮಾನ ಸ್ಟೀಲಿನ ಡಬ್ಬಿಯೋ ಬೆಳ್ಳಿಯ ಕುಂಕುಮಭರಣಿಯೋ. ಆ ವರ್ಷ ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ಧಾರಾಳ ಮಾಡಿ ಹೊಲಿಗೆ ಮಿಷಿನ್ನನ್ನೇ ಕೊಟ್ಟುಬಿಟ್ಟರು. ಕಾಲಲ್ಲಿ ತುಳಿಯುವಂಥದ್ದು, ಹೊಚ್ಚಹೊಸದು. ಅದನ್ನು ಹಾಲಿನ ಮೂಲೆಯಲ್ಲಿಟ್ಟು ಮಲ್ಲಿಗೆ ಹಾರ ಹಾಕಿದ್ದರು.

ಲಲಿತಾ ಆ ಮಿಷಿನ್ನನ್ನು ನೋಡಿದ ರೀತಿ — ಅದು ನನಗೆ ಚೆನ್ನಾಗಿ ನೆನಪಿದೆ. ತವರಿನಲ್ಲಿ ಹೊಲಿಗೆ ಕಲಿತವಳು. ಮದುವೆಯಾದ ಮೇಲೆ ಮೇಷ್ಟ್ರು ಮಿಷಿನ್ ಕೊಡಿಸಲಿಲ್ಲ. ಮೇಷ್ಟ್ರ ಹೆಂಡತಿ ಊರವರ ಕುಪ್ಪಸ ಹೊಲಿಯುವುದೇ, ಮರ್ಯಾದೆ ಏನಾದೀತು ಎಂದು ಅವರ ವಾದ. "ಬಹುಮಾನವಾಗಿ ಬಂದರೆ ಬೇಡ ಅನ್ನೋಕಾಗುತ್ತೇನೇ ಜಯಾ? ಸರಸ್ವತೀನೇ ಮನೆಗೆ ಬಂದಹಾಗೆ ಅಂತೀನಿ, ಅವರು ಬಾಯಿ ಮುಚ್ಕೋಬೇಕು!" ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕಿದ್ದಳು.

ಅದೇ ಬೆಳಿಗ್ಗೆ ಅತ್ತೆ ಸೊಪ್ಪು ಸೋಸುತ್ತ ತಮ್ಮ ತೀರ್ಪು ಕೊಟ್ಟಿದ್ದರು.

"ನೋಡು ಜಯಾ, ಓಗು ಅನ್ಲಾ ಬ್ಯಾಡ ಅನ್ಲಾ ಅಂತ ನನ್ ತಲೆ ಕೆಟ್ಟೋಗದೆ. ವರ್ಸತೊಡ್ಕು ಏನ್ ಏಳ್ತದೋ ಅದೇ ಸರಿ. ಇವತ್ತು ನಾನು ಗೆದ್ರೆ ನೀನು ಮದ್ದೂರ್ಗೆ ಓಗು, ಮಗೀನ ನಾನ್ ನೋಡ್ಕತೀನಿ. ಸೋತ್ರೆ ಮನೇಲಿರು. ಆಮೇಲೆ ಗೊಣಗಂಗಿಲ್ಲ ಕಣಮ್ಮ."

ನನ್ನ ಓದು, ನನ್ನ ಕೆಲಸ, ನನ್ನ ಮುಂದಿನ ಬದುಕು ಅತ್ತೆಯ ಕೈಗೆ ಬೀಳುವ ಎಲೆಗಳ ಮೇಲೆ ನಿಂತಿತು. ಹುಚ್ಚು ಅನ್ನಿಸುತ್ತದೆ ಈಗ. ಆಗ ನನಗೂ ಅದು ಹುಚ್ಚು ಅನ್ನಿಸಲಿಲ್ಲ ನೋಡಿ — ನಾನೂ ವರ್ಷತೊಡಕನ್ನು ನಂಬುವವಳೇ. ತಲೆಬಾಗಿಸಿ ಒಪ್ಪಿಕೊಂಡೆ.

ಲಲಿತಾ ಬಲವಂತ ಮಾಡಿದ್ದಕ್ಕೆ ನಾನೂ ಹೆಸರು ಕೊಟ್ಟಿದ್ದೆ. ಹಗಲೆಲ್ಲ ಹಲವು ಗುಂಪುಗಳಲ್ಲಿ ಆಟ ನಡೆದು, ಗೆದ್ದವರು ಕೊನೆಯ ಮೇಜಿಗೆ ಬಂದೆವು. ಅಲ್ಲೂ ಒಬ್ಬೊಬ್ಬರೇ ಎದ್ದುಹೋಗಿ ಕಡೆಗೆ ಉಳಿದವರು ಮೂವರು — ಲಲಿತಾ, ನಾನು, ಅತ್ತೆ. ಪಾಯಿಂಟುಗಳು ಹೆಚ್ಚುಕಮ್ಮಿ ಒಂದೇ. ಇನ್ನೊಂದೇ ಆಟ, ಅದರಲ್ಲಿ ಗೆದ್ದವರಿಗೆ ಮಿಷಿನ್ ಎಂದು ತೀರ್ಮಾನವಾಯಿತು. ಕೂರುವ ಜಾಗಕ್ಕೆ ಚೀಟಿ ಎತ್ತಿದರು. ಮೊದಲು ಲಲಿತಾ, ಅವಳ ನಂತರ ನಾನು, ನನ್ನ ನಂತರ ಅತ್ತೆ.

ರಮ್ಮಿ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಪ್ರತಿ ಸರದಿಯಲ್ಲೂ ಒಂದು ಎಲೆ ಎತ್ತಿ, ಒಂದು ಎಲೆ ಬಿಸಾಡಬೇಕು. ಕೈಯಲ್ಲಿರುವ ಎಲೆಗಳೆಲ್ಲ ಸಾಲಾಗಿ ಕೂಡಿಕೊಂಡರೆ ಗೆದ್ದಹಾಗೆ. ನೀವು ಬಿಸಾಡಿದ ಎಲೆಯನ್ನು ನಿಮ್ಮ ನಂತರದವರು ಎತ್ತಿಕೊಳ್ಳಬಹುದು. ಅಂದರೆ ಅವರ ಅನ್ನ ಸ್ವಲ್ಪಮಟ್ಟಿಗೆ ನಿಮ್ಮ ಕೈಯಲ್ಲಿ.

ಇದು ಗೊತ್ತಿದ್ದೇ ಸಮಾಜದ ಅಧ್ಯಕ್ಷೆ, ಡಾಕ್ಟರ ಹೆಂಡತಿ, ಅನುಮಾನಿಸಿದರು. "ಅತ್ತೆ-ಸೊಸೆ ಪಕ್ಕಪಕ್ಕ ಬಂದುಬಿಟ್ಟರಲ್ಲ. ಇನ್ನೊಂದು ಸಲ ಚೀಟಿ ಎತ್ತೋಣವೇ?"

"ಇವ್ಳು ನಂಗೆ ಎಲೆ ಕೊಟ್ಟಾಳಾ?" ಎಂದರು ಅತ್ತೆ. "ಎಲ್ಡ್ನೇ ಸಲ ಮುದ್ದೆ ಇಕ್ಕು ಅಂದ್ರೇ ಮಕ ಊದುಸ್ಕತಾಳೆ, ಬುಡಿ ಅತ್ಲಾಗೆ!"

ಹಾಲಿನಲ್ಲಿ ನಗೆಯೋ ನಗೆ. ಆ ನಗುವಿನ ನಡುವೆ ಲಲಿತಾ ಹೇಳಿದಳು, "ಚೀಟಿ ಗೀಟಿ ಏನೂ ಬೇಡಿ ಮೇಡಂ. ಜಯಾ ಅಂಥೋಳಲ್ಲ. ಅವಳನ್ನ ನಾನು ಬಲ್ಲೆ."

ಆಟ ಶುರುವಾಯಿತು.

ನಡುವೆ ಒಮ್ಮೆ ನಾನು ಏನೂ ಯೋಚಿಸದೆ ಬಿಸಾಡಿದ ಆಟೀನ್ ಐದನ್ನು ಅತ್ತೆ ಎತ್ತಿಕೊಂಡಿದ್ದರು. ಮುಂದಿನ ಒಂದೆರಡು ಸುತ್ತಿನಲ್ಲಿ ಅವರ ಬಾಯಿಯ ಎಲೆಅಡಿಕೆ ಬಲದವಡೆಯಿಂದ ಎಡದವಡೆಗೆ ಸರಿಯಿತು. ಒಂದೇ ಒಂದು ಎಲೆ ಬಾಕಿ ಇದ್ದಾಗ ಅವರು ಹಾಗೆ ಮಾಡುತ್ತಾರೆ ಎಂದು ಒಂದೇ ಸೂರಿನಡಿ ಇರುವ ನನಗೆ ಗೊತ್ತು. ಐದರ ಜೊತೆಗೆ ಆರಿರಬೇಕು, ಬೇಕಿರುವುದು ಏಳು ಎಂದು ಲೆಕ್ಕ ಹಾಕಿದೆ. ನಾಲ್ಕು ಆಗಲೇ ಬಿದ್ದುಹೋಗಿತ್ತು. ಅತ್ತ ಲಲಿತಾ ತನ್ನ ಎಲೆಗಳನ್ನೆಲ್ಲ ಒಟ್ಟುಮಾಡಿ ಮೇಜಿನ ಮೇಲೆ ಬೋರಲು ಹಾಕಿ, ಸೆರಗಿನಿಂದ ಅಂಗೈ ಒರೆಸಿಕೊಂಡಳು. ಅವಳಿಗೂ ಒಂದೇ ಎಲೆ ಬಾಕಿ.

ನನ್ನ ಸರದಿ. ನನ್ನ ಕೈಯಲ್ಲಿ ಆಟೀನ್ ಏಳು, ಎಂಟು, ಒಂಬತ್ತು ಸಾಲಾಗಿ ಕೂಡಿ ಕೂತಿದ್ದವು. ಕೂಡಿದ ಸಾಲನ್ನು ಯಾವ ಮೂರ್ಖಳೂ ಮುರಿಯುವುದಿಲ್ಲ. ಬಿಸಾಡಲು ಬೇರೆ ಎಲೆಯೂ ಇತ್ತು — ಕೆಲಸಕ್ಕೆ ಬಾರದ ಇಸ್ಪೀಟಿನ ಎರಡು. ಬೆರಳು ಮೊದಲು ಅದರ ಮೇಲೆಯೇ ಹೋಗಿತ್ತು. ಆಮೇಲೆ… ಆಮೇಲೆ ಕೈ ತಪ್ಪಿತು ಎನ್ನಲೇ? ಇಲ್ಲ, ಕೈ ತಪ್ಪಲಿಲ್ಲ. ಮದ್ದೂರಿನ ಶಾಲೆ ಕಣ್ಣಮುಂದೆ ಬಂತು. ಲಲಿತಾಳ ಮುಖ ನೋಡದೆ ಏಳನ್ನು ತೆಗೆದು ಎಸೆದೆ.

"ಆಯ್ತು ಕಣ್ರಮ್ಮೋ!" ಎಂದು ಅತ್ತೆ ಅದನ್ನೆತ್ತಿಕೊಂಡು ಎಲೆಗಳನ್ನೆಲ್ಲ ಮೇಜಿನ ಮೇಲೆ ಹರಡಿದರು.

ಚಪ್ಪಾಳೆ ನಿಲ್ಲುವ ಮೊದಲೇ ನನ್ನ ಎಲೆಗಳನ್ನು ಕಟ್ಟಿನೊಳಗೆ ಸೇರಿಸಿಬಿಟ್ಟೆ. ಯಾರದಾದರೂ ಕಣ್ಣಿಗೆ ಆ ಎಂಟು, ಒಂಬತ್ತು ಬಿದ್ದರೆ ಕಥೆ ಮುಗಿದಂತೆ. ಯಾರೂ ನೋಡಲಿಲ್ಲ. ಲಲಿತಾ ಮಾತ್ರ, ಆಡುವವರಿಗೆಲ್ಲ ಇರುವ ಕುತೂಹಲದಿಂದ, ಉಳಿದ ಎಲೆಗಳ ಮೇಲಿನದನ್ನು ಮಗುಚಿದಳು. ನಾನು ಏಳನ್ನು ಎಸೆಯದಿದ್ದರೆ ಅತ್ತೆ ಎತ್ತಬೇಕಿದ್ದದ್ದು ಅದು, ಅವರಿಗೆ ಯಾವ ಉಪಯೋಗಕ್ಕೂ ಬಾರದ್ದು. ಅದರ ಕೆಳಗಿನದು ಲಲಿತಾಳದು. ಅದನ್ನೂ ಮಗುಚಿದಳು. ಅವಳು ಕಾಯುತ್ತಿದ್ದ ಕ್ಲಾವರ್ ರಾಣಿಯೇ!

"ನೋಡೇ ಜಯಾ, ಇನ್ನೊಂದು ಉಸಿರಿನಷ್ಟು ದೂರ," ಎಂದು ನಕ್ಕಳು. ಎದ್ದುಹೋಗಿ ಅತ್ತೆಗೆ ನಮಸ್ಕಾರ ಮಾಡಿದಳು.

ಅತ್ತೆ ಮಾತಿಗೆ ತಪ್ಪಲಿಲ್ಲ. ನಾನು ಮದ್ದೂರಿಗೆ ಹೋಗತೊಡಗಿದೆ. ಮಿಷಿನ್ ಬಂದು ನಮ್ಮ ನಡುಮನೆಯಲ್ಲಿ ಕೂತಿತು. ಅದನ್ನು ತುಳಿಯಲು ಅತ್ತೆಗೆ ಬರದು, ನನಗೂ ಬರದು. ಒಂದು ವಾರ ಅದರ ಮೇಲೆ ಹಾಸು ಹಾಕಿ ದೇವರ ಪಟ ಇಟ್ಟಿದ್ದರು. ಆಮೇಲೆ ಅತ್ತೆಯೇ ಗೋಡೆ ತಟ್ಟಿ ಕೂಗಿದರು, "ಲಲಿತಮ್ಮಾ, ಬಂದು ಒಲ್ಕೊ ಬಾವ್ವ! ಇದೇನ್ ಗೂಟ ಒಡ್ಕಂಡ್ ಕೂತದೆ ಸುಮ್ಕೆ."

ಲಲಿತಾ ಬಂದಳು. ನೆರೆಮನೆಯಲ್ಲಿ ಹೊಲಿದರೆ ಅದು ಹರಟೆ, ತನ್ನ ಮನೆಯಲ್ಲಿ ಹೊಲಿದರೆ ಕಸುಬು — ಮೇಷ್ಟ್ರ ಲೆಕ್ಕ ಹಾಗಿತ್ತು, ಹಾಗಾಗಿ ಅವರೂ ಸುಮ್ಮನಿದ್ದರು. ಮೊದಲು ಹೊಲಿದದ್ದು ನಾನು ಶಾಲೆಗೆ ತೊಡುವ ರವಿಕೆ. ಕೂಲಿ ಕೊಡಹೋದರೆ ಕೈಯ ಮೇಲೆ ಹೊಡೆದಳು. ಮಧ್ಯಾಹ್ನವೆಲ್ಲ ಅವಳು ಹೊಲಿಯುವುದು, ಅತ್ತೆ ಕೆರಗೋಡಿನ ಚಾಡಿ ಹೇಳುವುದು, ಸೂರಿ ಪೆಡಲ್ಲಿನ ಮೇಲೆ ಕೈಯಿಟ್ಟು ಬೈಸಿಕೊಳ್ಳುವುದು. ನಾನು ಸಂಜೆ ಬಸ್ಸಿಳಿದು ಬರುವಾಗ ಬಾಗಿಲಿಗೇ ಮಿಷಿನ್ನಿನ ಸದ್ದು ಕೇಳಿಸುತ್ತಿತ್ತು, ಒಳಗೆ ಮೂವರ ನಗು. ನನ್ನ ಬದುಕಿನ ಅತ್ಯಂತ ಸುಖದ ಕಾಲ ಯಾವುದು ಎಂದರೆ ಇದನ್ನೇ ತೋರಿಸುತ್ತೇನೆ. ನನ್ನ ಮಗ ಬೆಳೆದದ್ದು ಆ ಇಬ್ಬರ ನಡುವೆ, ನನ್ನ ನೌಕರಿ ನಡೆದದ್ದು ಆ ಇಬ್ಬರ ಆಸರೆಯಲ್ಲಿ.

"ನಿಮ್ಮತ್ತೆಯಿಂದ ನನ್ನ ಆಸೆ ತೀರಿತು ಕಣೇ," ಎನ್ನುತ್ತಿದ್ದಳು ಲಲಿತಾ. ಅವಳದೇ ಮಿಷಿನ್ನಿನ ಮುಂದೆ ಕೂತು.

ಇಲ್ಲಿಯವರೆಗಿನದನ್ನು ನೀವು ಕ್ಷಮಿಸೀರೇನೋ. ಎಳೇ ಕೂಸಿನ ತಾಯಿ, ಇನ್ನೇನು ಮಾಡಿಯಾಳು ಎಂದೀರಿ. ಮುಂದಿನದನ್ನು ಕೇಳಿ.

ಒಂದೆರಡು ವರ್ಷ ಕಳೆದು ಮೇಷ್ಟ್ರಿಗೆ ಮಳವಳ್ಳಿಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸುವಾಗ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಮಿಸಿನ್ನೂ ಏರ್ಸ್ರಪ್ಪ, ಲಲಿತಮ್ಮ ತಕಂಡೋಗ್ಲಿ" ಎಂದರು. ಲಲಿತಾ ಒಪ್ಪಲಿಲ್ಲ. ಮೇಷ್ಟ್ರು ಅಲ್ಲೇ ನಿಂತಿದ್ದರು.

"ಬೇಡಮ್ಮ," ಎಂದಳು ಲಲಿತಾ. "ಬಹುಮಾನ ಅನ್ನೋದು ಗೆದ್ದೋರ ಮನೇಲಿರಬೇಕು. ಸೋತೋಳು ದಾನ ಇಸ್ಕೊಂಡು ಹೋದರೆ ಚೆನ್ನಾಗಿರಲ್ಲ."

ನಾನು ಸೂರಿಯನ್ನು ಎತ್ತಿಕೊಂಡು ಎರಡು ಮಾರು ದೂರದಲ್ಲಿದ್ದೆ. ಆಗ ನನ್ನ ಕೆಲಸಕ್ಕೆ ಯಾವ ಭಯವೂ ಇರಲಿಲ್ಲ. ನಿಜ ಹೇಳಿದ್ದರೆ ಅತ್ತೆ ಬೈಯುತ್ತಿದ್ದರು, ಬಹಳವಾದರೆ ನಾಲ್ಕು ದಿನ ಮಾತು ಬಿಡುತ್ತಿದ್ದರು. ಒಂದು ಮಾತು ಆಡಿದ್ದರೆ ಸಾಕಿತ್ತು, ಮಿಷಿನ್ ಲಾರಿ ಏರುತ್ತಿತ್ತು, ಗೆದ್ದ ಬಹುಮಾನವಾಗಿಯೇ ಅವಳ ಮನೆ ಸೇರುತ್ತಿತ್ತು. ಬಾಯಿ ತೆರೆದೆ — ತೆರೆದು, "ಹೋದಮೇಲೆ ಕಾಗದ ಬರಿ" ಎಂದೆ. ಒಳ್ಳೆಯವಳು ಎಂಬ ಹೆಸರು ಹೋಗುತ್ತದಲ್ಲ, ಆ ಒಂದು ಭಯಕ್ಕೆ. ಎಲೆ ಎಸೆದದ್ದಕ್ಕಿಂತ ಈ ಸುಮ್ಮನಿದ್ದದ್ದೇ ನನ್ನ ದೊಡ್ಡ ತಪ್ಪು.

ಮಳವಳ್ಳಿಯಲ್ಲಿ ಅವಳ ಮಿಷಿನ್ ಹೊಲಿಗೆ ನಿಂತುಹೋಯಿತು. ಮೇಷ್ಟ್ರು ಮಿಷಿನ್ ಕೊಡಿಸಲಿಲ್ಲ, ಅವಳೂ ಕೇಳುವುದನ್ನು ಬಿಟ್ಟಳು. ನಾನು ನೋಡಲು ಹೋದಾಗಲೆಲ್ಲ ಕಿಟಕಿಯ ಹತ್ತಿರ ಕೂತು ಯಾರದೋ ಸೀರೆಯ ಅಂಚನ್ನು ಸೂಜಿಯಲ್ಲಿ ಹೊಲಿಯುತ್ತಿದ್ದಳು. ಹೋದ ಕೂಡಲೇ ಕೇಳುತ್ತಿದ್ದಳು, "ಮಿಷಿನ್ ಹೇಗಿದೆಯೇ? ಎಣ್ಣೆ ಬಿಡ್ತಿದೀಯಾ?" ಬಿಡುತ್ತಿದ್ದೆ. ಈಗಲೂ ಬಿಡುತ್ತೇನೆ.

ಅತ್ತೆ ತೀರಿಕೊಳ್ಳುವವರೆಗೂ ಪ್ರತಿ ವರ್ಷತೊಡಕಿಗೆ ತಮ್ಮ ಗೆಲುವಿನ ಕಥೆ ಹೇಳಿದರು. ಅವರು ಗೆದ್ದ ಆಟವನ್ನೂ ನಾನು ಸುಳ್ಳು ಮಾಡಿದ್ದೆ. ಅಷ್ಟು ವರ್ಷ ಮುಚ್ಚಿಟ್ಟದ್ದು ತಿಳಿದಿದ್ದರೆ ಮಿಷಿನ್ನನ್ನೂ ನನ್ನನ್ನೂ ಒಟ್ಟಿಗೇ ಬೀದಿಗೆ ಎಸೆಯುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ.

ನಾಳೆ ಬೆಳಿಗ್ಗೆ ಮಳವಳ್ಳಿಗೆ, ಲಲಿತಾಳ ಮನೆಗೆ ಹೋಗಲು ಸೂರಿ ಲಗೇಜ್ ಆಟೋ ಹೇಳಿದ್ದಾನೆ. ಮಿಷಿನ್ನಿಗೆ ಹೊಸ ಬೆಲ್ಟು ಹಾಕಿಸಿ, ಒರೆಸಿ ಇಟ್ಟಿದ್ದೇನೆ. ಮೇಷ್ಟ್ರು ಈಗಿಲ್ಲ. ಲಲಿತಾಳ ಮಂಡಿಗಳೂ ನನ್ನ ಮಂಡಿಗಳ ಹಾಗೆಯೇ ಆಗಿವೆ, ತುಳಿಯುತ್ತಾಳೋ ಇಲ್ಲವೋ. ನಡೆದದ್ದನ್ನು ಕೇಳಿದ ಮೇಲೆ ನನ್ನನ್ನು ಒಳಗೆ ಕರೆಯುತ್ತಾಳೋ ಇಲ್ಲವೋ. ಕರೆಯದಿದ್ದರೆ ಅದು ಅವಳ ನ್ಯಾಯ, ಮಿಷಿನ್ ಇಳಿಸಿ ಬರುತ್ತೇನೆ.

ಅವಳನ್ನು ನಾನು ಬಲ್ಲೆ. ಆಟೋ ನಿಂತೊಡನೆ ಬಾಗಿಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಇದನ್ನೇಕೆ ಹೊತ್ತು ತಂದೆ, ಗೆದ್ದೋರ ಮನೇಲಿರಬೇಕು ಅಂತ ಅವತ್ತೇ ಹೇಳಿರಲಿಲ್ಲವೇ ಎನ್ನುತ್ತಾಳೆ. ಆಗ ಹೇಳಬೇಕಾದ ಮಾತನ್ನು ಇವತ್ತು ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಜೋರಾಗಿ ಹೇಳಿ ನೋಡಿಕೊಂಡಿದ್ದೇನೆ.

"ಹೌದು ಲಲಿತಾ. ಅದಕ್ಕೇ ಇಲ್ಲಿಗೆ ತಂದೆ."