ಅತ್ತಿಗೆ ತಂದ ಮಾತು

ಮುಂಗೈಯಿಂದ ಮೊಣಕೈವರೆಗೆ ಹಸಿರು ಗಾಜಿನ ಬಳೆ. ಅತ್ತಿಗೆ ರೊಟ್ಟಿ ಬಡಿಯುವಾಗ ಅವನ್ನು ಮೇಲಕ್ಕೆ ಸರಿಸಿದರೆ ಕೆಳಗಿನ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಒಂದು ಒಡೆದರೂ ಅದೇ ದಿನ ಕಲ್ಯಾಣದ ಪೇಟೆಗೆ ನಡೆದು ಹೋಗಿ ಹೊಸದು ತೊಟ್ಟು ಬರುತ್ತಿದ್ದಳು. ಹತ್ತೊಂಬತ್ತು ವರ್ಷ ಹೀಗೆ. ಆ ಬಳೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ನಮ್ಮದು ನಾರಾಯಣಪುರದ ಕಡೆ ಕುರಿ ಕಾಯುವ ಮನೆ. ರಾಜ್ಯ ಒಂದಾದ ಮರುವರ್ಷ, ಕಂಬಳಿ ಗಂಟು ಹೊತ್ತು ಹುಮನಾಬಾದದ ಸಂತೆಗೆ ಹೋದ ನನ್ನ ಅಣ್ಣ ತಿರುಗಿ ಬರಲಿಲ್ಲ. ಅವನ ಮದುವೆಯಾಗಿ ಹನ್ನೊಂದು ತಿಂಗಳಾಗಿತ್ತು. ನಾನಾದರೋ ಹುಟ್ಟಿದಾಗಿನಿಂದ ಹದಿನೈದು ವರ್ಷ ಅವನ ಬೆನ್ನು ಹತ್ತಿ ತಿರುಗಿದವಳು. ಆದರೂ ಮನೆಗೆ ಬಂದವರೆಲ್ಲ ಅತ್ತಿಗೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಸಿಗುತ್ತಿದ್ದದ್ದು ಅವರಿಗೆ ನೀರು ತಂದುಕೊಡುವ ಕೆಲಸ. ಅವ್ವ ಸೊಸೆಯನ್ನು ತನ್ನ ಕೌದಿಯಲ್ಲೇ ಮಲಗಿಸಿಕೊಂಡಳು. ಕಲ್ಯಾಣದ ಊರಿಗೆ ನನ್ನನ್ನು ಕೊಟ್ಟ ಮೇಲೆ ತವರಿಗೆ ಬಂದಾಗಲೆಲ್ಲ ಅವ್ವ ಆಕೆಯ ತಲೆ ಬಾಚುತ್ತ ಕೂತಿರುವುದನ್ನೇ ನೋಡಬೇಕಿತ್ತು.

ನಾನು ಚುಚ್ಚಿದರೆ ಅತ್ತಿಗೆ ಜಗಳಕ್ಕೆ ಬರುತ್ತಿರಲಿಲ್ಲ. "ಆಯ್ತ್ ಬಿಡ್ ಯವ್ವಾ, ರೊಟ್ಟಿ ಆರಾಕತ್ತದ, ಉಣ್ಣು," ಅನ್ನುತ್ತಿದ್ದಳು. ಅದು ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ಪ್ರತಿ ವರ್ಷ ಯುಗಾದಿಗೆ ಮುಂಚೆ ಹುಮನಾಬಾದದ ಠಾಣೆಗೆ ಹೋಗಿ ಗಂಡನ ಸುದ್ದಿ ಕೇಳುವಳು, ಇಲ್ಲವೆನ್ನಿಸಿಕೊಂಡು ಬರುವಳು. ಅವ್ವ ತೀರಿಕೊಂಡ ಮೇಲೆ ಜೊತೆಗೆ ನನ್ನನ್ನು ಕರೆದಳು. ನಾನು ಹೋಗಲಿಲ್ಲ.

ಒಂದು ಬೇಸಿಗೆಯಲ್ಲಿ ಆ ಠಾಣೆಯ ಮುದಿ ಮುನ್ಶಿಯೇ ಹೇಳಿ ಕಳಿಸಿದರು. ಹಳೆಯ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು. ಆಮೇಲೆ ಬಂದವರು ಯಾರೂ ಅವನ್ನು ಬಿಚ್ಚಿ ಓದಿರಲಿಲ್ಲ; ಈಗ ಕಟ್ಟುಗಳನ್ನು ಅಡಕುವಾಗ ಒಂದು ಮುನ್ಶಿಯ ಕಣ್ಣಿಗೆ ಬಿದ್ದಿತ್ತು. ನಾವಿಬ್ಬರೂ ಹೋದೆವು. ಮುನ್ಶಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು: ನಿರ್ಣಾ ದಾರಿಯ ಹೊಲದಲ್ಲಿ ಸಿಕ್ಕ ಬೇವಾರಸಿ ಹೆಣ. ಗಂಡಸು, ಇಪ್ಪತ್ತೈದರ ಆಸುಪಾಸು. ತಲೆಗೆ ಪೆಟ್ಟು. ಬಲತೊಡೆಯ ಹಿಂದೆ ಹಳೆಯ ಗಾಯದ ಗುರುತು, ಅರ್ಧಚಂದ್ರದ ಹಾಗೆ.

ಅತ್ತಿಗೆ ಆ ಸಾಲಿನ ಮೇಲೆ ಬೆರಳಿಟ್ಟಳು. "ಅವರೇ ರೀ," ಅಂದಳು.

"ನಮ್ಮಣ್ಣಗ ಅಂಥಾ ಗುರ್ತೇ ಇರಲಿಲ್ಲ!" ಎಂದು ನಾನು ಚೀರಿದೆ.

"ಟಗರ ಹಾಯ್ದಿತ್ತು ಯವ್ವಾ. ಅವ್ವಗ ಗೊತ್ತಾದ್ರ ಟಗರ ಮಾರಿ ಬಿಡ್ತಾಳಂತ ಮುಚ್ಚಿಟ್ಟಿದ್ರು. ನಾನೇ ಅರಿಷಿಣ ಹಚ್ಚತಿದ್ದೆ."

ಅಣ್ಣ ಸತ್ತನೆಂದು ಖಾತ್ರಿಯಾದ ಗಳಿಗೆ ಅದು. ನನ್ನ ಹೊಟ್ಟೆಯಲ್ಲಿ ಉರಿದದ್ದು ಮಾತ್ರ ಬೇರೆ: ನನಗೆ ಗೊತ್ತಿಲ್ಲದ ಅಣ್ಣನೊಬ್ಬ ಆಕೆಗೆ ಗೊತ್ತಿದ್ದ.

"ಹೊಡದವರು ಯಾರ್ರಿ?" ಅತ್ತಿಗೆ ಕೇಳಿದಳು.

"ಇಷ್ಟ ವರ್ಷ ಆದ ಮ್ಯಾಲ ಯಾರಿಗಿ ಹಿಡೀತಾರವ್ವಾ?" ಎಂದರು ಮುನ್ಶಿ. ಆದರೆ ಹೆಣ ಕಂಡು ಸುದ್ದಿ ಕೊಟ್ಟ ಹೊಲದ ಮನೆಯವರ ಹೆಸರು ಕಾಗದದಲ್ಲಿತ್ತು. ಅತ್ತಿಗೆ ಅಲ್ಲಿಂದಲೇ ನಿರ್ಣಾಕ್ಕೆ ಹೊರಟಳು.

ಆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ನಾನು ಮುನಿಸಿಕೊಂಡು ಹೊರಗೆ ಬೇವಿನ ಮರದ ಕೆಳಗೇ ಕೂತೆ. ಬಹಳ ಹೊತ್ತಿನ ಮೇಲೆ ಅತ್ತಿಗೆ ಬಂದು ಪಕ್ಕದಲ್ಲಿ ಕೂತಳು.

"ಅಜ್ಜಿ ನೋಡಿದಾಗ ಇನ್ನಾ ಜೀವ ಇತ್ತಂತ. ನೀರ್ ಕುಡಿಸ್ಯಾಳ. ಇಬ್ಬರು ಕಂಬಳಿ ಗಂಟ್ ಹೊತ್ಕೊಂಡು ಓಡಿದ್ದು ಕಂಡಾಳ, ಮಾರಿ ಕಂಡಿಲ್ಲ." ನನ್ನ ಮುಖ ನೋಡಿ ಅಂದಳು: "ನಿನ್ನ ಹೆಸರ ಹಿಡದು ಕರದಾರಂತ ಯವ್ವಾ. ಎರಡ ಸಲ."

ನಾನು ಆಕೆಯ ಮಡಿಲಲ್ಲಿ ಬಿದ್ದು ಅತ್ತೆ. ಮನೆಗೆ ಬಂದು ಆಕೆಯ ಬಳೆಗಳನ್ನು ನಾನೇ ಬಿಚ್ಚಿದೆ. ಆ ಮೇಲೆ ಅತ್ತಿಗೆಯ ಮೇಲೆ ನನಗೆ ಎಲ್ಲಿಲ್ಲದ ಅಕ್ಕರೆ. ಗೆದ್ದವಳ ಅಕ್ಕರೆ ಅದು. ಬಂದವರಿಗೆಲ್ಲ, ಅಣ್ಣ ಕೊನೆಗೆ ಕರೆದದ್ದು ನನ್ನನ್ನೇ ಎಂದು ಹೇಳುತ್ತಿದ್ದೆ. ಅತ್ತಿಗೆ ಬರಿಗೈ ಮಡಿಲಲ್ಲಿಟ್ಟುಕೊಂಡು, "ಹೌದ್ರಿ, ಆಕಿನ್ನೇ," ಅನ್ನುತ್ತಿದ್ದಳು.

ಎಂಟು ವರ್ಷದ ಮೇಲೆ ಅತ್ತಿಗೆ ಎದೆನೋವಿನಿಂದ ತೀರಿಕೊಂಡಳು. ವರ್ಷಕ್ಕೊಮ್ಮೆ ಆಕೆ ನಿರ್ಣಾದ ಅಜ್ಜಿಯನ್ನು ಕಂಡು ಬರುತ್ತಿದ್ದಳು. ಅಜ್ಜಿಗೆ ಸುದ್ದಿ ಮುಟ್ಟಿಸಲು ನಾನೇ ಹೋದೆ. ಅಜ್ಜಿಗೆ ಕಣ್ಣು ಮಂಜಾಗಿತ್ತು. ಅತ್ತಿಗೆಯ ಊರಿನವಳು ಎಂದಷ್ಟೇ ಹೇಳಿಕೊಂಡೆ.

"ಹೋದಳಾ? ಆ ಮಗ ಜೀವ ಬಿಡೋ ಹೊತ್ನ್ಯಾಗ ಆಕಿ ಹೆಸರೇ ತಗೊಂಡ ನೋಡವ್ವಾ. ಅದನ್ನ ಕೇಳಲಾಕೇ ಬರ್ತಿದ್ದಳು. ಪ್ರತಿ ಸಲ ಮತ್ತ ಹೇಳ ಅಂತಿದ್ದಳು."

"ತಂಗೀ ಹೆಸರ ಅಲ್ಲೇನು?"

"ಆತಗ ತಂಗಿ ಇದ್ದಳೇನು? ನನಗ ಗೊತ್ತಿಲ್ಲವ್ವಾ."

ಸುಳ್ಳೇಕೆ ಹೇಳಲಿ, ಹಳೆಯ ಉರಿ ಒಮ್ಮೆ ಎದ್ದಿತು. ಬೇವಿನ ಮರದ ಕೆಳಗೆ ಮುಖ ತಿರುಗಿಸಿ ಕೂತಿದ್ದ ನನ್ನನ್ನು ಬಾಗಿಲಲ್ಲಿ ನಿಂತು ನೋಡಿದಾಗ ಅತ್ತಿಗೆಗೆ ಏನನ್ನಿಸಿತೋ. ಅಣ್ಣನಿಂದ ಆಕೆಗೆ ಉಳಿದಿದ್ದದ್ದು ಅದೊಂದೇ ಮಾತು.

ಮನೆಗೆ ಬಂದು ಮಕ್ಕಳನ್ನು ಕೂರಿಸಿಕೊಂಡು ಹೇಳಿದೆ: "ನಿಮ್ಮ ಮಾವ ಕಡೀಕ ಕರದದ್ದು ನನ್ನನ್ನಲ್ಲ. ನಿಮ್ಮ ಅತ್ತೀನ್ನ."