ನೆನಪಿನಿಂದ ಬರೆದ ಎರಡು ಪುಟ

ನಮ್ಮ ಪಾಸ್ಟರ ವಾಸ ನಂಜನಗೂಡಿನಲ್ಲಿ. ಪ್ರತಿ ಗುರುವಾರ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಬಂದು ಇಲ್ಲಿನ ಕ್ರೈಸ್ತ ಸಭೆಯ ಮನೆಗಳಿಗೆ ಭೇಟಿ ಕೊಡುತ್ತಿದ್ದರು. ಹದಿನೈದು ವರ್ಷ ಸೇವೆ ಮಾಡಿದ ಮೇಲೆ, ಕೆಲಸವನ್ನು ಬಿಡದೆಯೇ, ದೇವಶಾಸ್ತ್ರದ ಉನ್ನತ ಪದವಿಗೆ ಸೇರಿದ್ದರು. ಆ ಓದಿನಲ್ಲಿ ಒಂದು ಕ್ರಮವಿತ್ತು. ರೋಗಿಯನ್ನು ನೋಡಿಬಂದ ಪಾಸ್ಟರು ಅಲ್ಲಿ ನಡೆದ ಮಾತುಕತೆಯನ್ನು ನೆನಪಿನಿಂದಲೇ ಮಾತಿಗೆ ಮಾತು ಬರೆದು ತರಗತಿಯಲ್ಲಿ ಓದಬೇಕು. ಎಲ್ಲಿ ಮಾತನಾಡಬೇಕಿತ್ತು, ಎಲ್ಲಿ ಸುಮ್ಮನಿರಬೇಕಿತ್ತು ಎಂದು ಉಳಿದ ಪಾಸ್ಟರುಗಳು ಚರ್ಚಿಸುತ್ತಾರೆ.

ನಾನು ಏಳನೇ ತರಗತಿಗೇ ಶಾಲೆ ಬಿಟ್ಟವನು. ಸೈಕಲ್ ಷಾಪಿನಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಿಘಂಟು ಹಿಡಿದು ಇಂಗ್ಲಿಷ್ ಕಲಿತೆ. ಪಾಸ್ಟರು ತಮ್ಮ ಪಾಠದ ಪುಸ್ತಕಗಳನ್ನು ನನಗೂ ಕೊಡುತ್ತಿದ್ದರು. ನಾನು ಓದಿ ವಾದಕ್ಕೆ ನಿಲ್ಲುತ್ತಿದ್ದೆ. ನಮ್ಮ ಸಭೆಯನ್ನು ಕಟ್ಟಿದ ಮಿಷನರಿ ತುಂಬಿದ ಕಪಿಲೆಯನ್ನು ಕುದುರೆಯ ಮೇಲೆ ದಾಟಿ ಬಂದನೆಂದು ಎಲ್ಲರೂ ಹೇಳುವಾಗ, ಕಂಡವರು ಯಾರು ಎಂದು ಕೇಳುವವನು ನಾನೊಬ್ಬನೇ. ಸುವಾರ್ತೆಗಳ ವಿಷಯದಲ್ಲಿಯೂ ನನ್ನ ಪ್ರಶ್ನೆ ಅದೇ ಆಗಿತ್ತು.

ಕಾಯಿಲೆ ಬಿದ್ದಿದ್ದ ನನ್ನ ಹೆಂಡತಿಯನ್ನು ನೋಡಲು ಪಾಸ್ಟರು ಬಂದಿದ್ದ ಒಂದು ಗುರುವಾರ, ನಲ್ಲಿಯಲ್ಲಿ ನೀರು ಬಂತೆಂದು ನಾನು ಕೊಡ ಹಿಡಿದು ಹಿತ್ತಲಿಗೆ ಹೋದೆ. ಮರಳಿದಾಗ ಇಬ್ಬರೂ ನಗುತ್ತಿದ್ದರು. ಏಕೆಂದು ಕೇಳಲಿಲ್ಲ. ಆ ಭಾನುವಾರ ಅವಳಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು.

ಮೂರು ವಾರ ಕಳೆದು ಪಾಸ್ಟರು ಆ ಗುರುವಾರದ ಮಾತುಕತೆಯನ್ನು ಇಂಗ್ಲಿಷಿನಲ್ಲಿ ಬರೆದ ಎರಡು ಪುಟಗಳನ್ನು ತಂದರು.

"ಹೆಸರು ತೆಗ್ದಿದೀನಿ ಯಜಮಾನ್ರೇ. ಆದ್ರೂ ನೀವು ನೋಡಿ ಸಹಿ ಹಾಕ್ದೆ ಕ್ಲಾಸಲ್ಲಿ ಓದಲ್ಲ."

ಯಜಮಾನರು ಟೀ ತರಲು ಹೊರಗೆ ಹೋದರು ಎಂದು ಮೊದಲಲ್ಲೇ ಇತ್ತು.

"ತಪ್ಪು. ನಾನು ನೀರಿಡಿಯೋಕೆ ಓಗಿದ್ದೆ."

"ಹೌದಾ? ವಾಪಸ್ ಬಸ್ಸಲ್ಲಿ ಕೂತು ಬರ್ದೆ. ಎಲ್ಲೋ ಮರ್ತಿರ್ಬೇಕು."

ಪುಟದಲ್ಲಿ ಮುಂದೆ, ತನ್ನ ಸಾವಿನ ಬಗ್ಗೆ ತಾನು ಶಾಂತಳಾಗಿದ್ದೇನೆಂದು ನನ್ನ ಹೆಂಡತಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅಂಥ ಮಾತನ್ನು ಅವಳ ಬಾಯಿಂದ ಯಾವ ಭಾಷೆಯಲ್ಲಿಯೂ ನಾನು ಕೇಳಿರಲಿಲ್ಲ.

"ಅವ್ಳು ಅಂದದ್ದ ಅಂದಂಗೇ ಯೋಳಿ ಪಾಸ್ಟ್ರೇ. ಈ ಇಂಗ್ಲೀಸು ಬ್ಯಾಡ."

ಅವರು ಕಣ್ಣು ಮುಚ್ಚಿದರು. "'ನಂಗೇನೂ ಎದ್ರಿಕಿಲ್ಲ ಕಣಪ್ಪ. ಇವ್ರದೇ ಯೋಚ್ನೆ. ನಾನು ಸತ್ತೆ ಅಂದ್ರೂ ಕಂಡೋರ್ಯಾರು ಅಂತ ಕೇಳೋ ಮನ್ಸ' ಅಂದ್ರು. ಅದಕ್ಕೇ ನಕ್ಕಿದ್ದು."

"ಎದ್ರಿಕಿಲ್ಲ ಅಂದ್ಳಾ? ಖಂಡಿತ?"

"ತಮಾಷೆ ಮಾಡಿದ್ದು ಖಂಡಿತ. ಎದ್ರಿಕಿಲ್ಲ ಅಂದ್ರು ಅಂತ್ಲೇ ನನ್ನ ನೆನಪು. ಆದ್ರೆ ಟೀ ವಿಚಾರ ತಪ್ಪಿದ ಮೇಲೆ, ಹೇಗೆ ಆಣೆ ಮಾಡ್ಲಿ ಯಜಮಾನ್ರೇ?"

ಅಷ್ಟು ಓದಿದ ಮನುಷ್ಯ ಅದೊಂದು ಸಲ ಸುಳ್ಳಾದರೂ ಹೇಳಬಾರದಿತ್ತೇ ಎನ್ನಿಸಿತು.

ಪುಟಗಳನ್ನು ಹಿಡಿದು ಹಾಸಿಗೆಯ ಬಳಿ ಕುಳಿತೆ. ಅವಳ ಎಡಗೈಯಲ್ಲಿ ಮಾತ್ರ ಶಕ್ತಿ ಉಳಿದಿತ್ತು. "ನಿಂಗೆ ಎದ್ರಿಕಿಲ್ವಂತಲ್ಲಮ್ಮಿ. ಔದಾ? ಔದು ಅಂದ್ರೆ ಕೈ ಅದುಮು," ಎಂದೆ. ಬಲವಾಗಿ ಅದುಮಿದಳು. ನನ್ನ ಕಣ್ಣು ತುಂಬಿತು. ಅಷ್ಟಕ್ಕೆ ಬಿಡಬಹುದಿತ್ತು; ಬಿಡಲಾಗಲಿಲ್ಲ. "ಎದ್ರಿಕೆ ಅದಾ?" ಎಂದೆ. ಅಷ್ಟೇ ಬಲವಾಗಿ ಅದುಮಿದಳು.

ಟೀ ಎಂದಿದ್ದುದನ್ನು ಹೊಡೆದು, ನೀರು ಎಂದು ಬರೆದು, ಸಹಿ ಹಾಕಿದೆ. "ಇದು ನಿಜ್ವಾ ಅಂತ ಅಲ್ಯಾರಾರ ಕೇಳುದ್ರೆ, ಏನಂದ್ರು ಅಂತ ಬಂದ್ ಯೋಳಿ," ಎಂದು ಪಾಸ್ಟರಿಗೆ ಹೇಳಿದೆ.

ಮುಂದಿನ ಗುರುವಾರ ಬಂದರು. ರೋಗಿಯ ಮುಂದೆ ಪಾಸ್ಟರು ನಕ್ಕಿದ್ದು ಸರಿಯೇ ಎಂದು ಒಂದು ಗಂಟೆ ಚರ್ಚೆ ನಡೆಯಿತಂತೆ. ನನ್ನ ಪ್ರಶ್ನೆಯನ್ನು ಯಾರೂ ಕೇಳಲಿಲ್ಲವಂತೆ. ಅವರು ಅದನ್ನು ಹೇಳುತ್ತಿದ್ದಷ್ಟು ಹೊತ್ತೂ ಅವಳು ನನ್ನ ಕೈಯನ್ನು ಅದುಮಿಕೊಂಡೇ ಇದ್ದಳು.